ಹೊಗೆ ಶ್ವಾಸಕೋಶಕ್ಕೆ, ಪೆಟ್ಟು ಸಣ್ಣ ರಕ್ತನಾಳಗಳಿಗೆ

ನವದೆಹಲಿ: ರಾಜಧಾನಿಯ ಕನ್ನಡಿಗರಿಗೆ ನವೆಂಬರ್ ಎಂದರೆ ರಾಜ್ಯೋತ್ಸವದ ತಿಂಗಳು. ದುರದೃಷ್ಟವಶಾತ್ ಇಲ್ಲಿನ ಗಾಳಿ ತೀರಾ ಕೆಡುವುದೂ ಇದೇ ತಿಂಗಳಲ್ಲಿ. 2024ರ ನವೆಂಬರ್ 18ರಂದು ದೆಹಲಿಯ ವಾಯು ಗುಣಮಟ್ಟ ಸೂಚ್ಯಂಕ 490 ದಾಟಿತ್ತು. ಆ ಸೂಚ್ಯಂಕದ ಕೊನೆಯ ಅಂಕಿಯೇ 500. ಶಾಲೆಯ ಪಾಠಗಳು ಆನ್‌ಲೈನ್ ಆದವು, ಹೊರಗಿನ ಲಾರಿಗಳಿಗೆ ತಡೆ ಬಿತ್ತು. ಇಂಥ ದಿನಗಳಲ್ಲಿ ಊರಿನಿಂದ ಫೋನ್ ಬಂದರೆ ಮೊದಲ ಪ್ರಶ್ನೆ ಕೆಮ್ಮಿನದ್ದೇ. ಕೆಮ್ಮು ಇಲ್ಲವೆಂದರೆ ಎಲ್ಲವೂ ಸರಿಯಾಗಿದೆ ಎಂದು ಎರಡೂ ಕಡೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ.

ಆದರೆ ಹೊಗೆಯ ಲೆಕ್ಕ ಕೆಮ್ಮಿಗೆ ಮುಗಿಯುವುದಿಲ್ಲ. ಶ್ವಾಸಕೋಶ ಕೆಟ್ಟರೆ ಅದರ ಪೆಟ್ಟು ದೇಹದ ಅತಿ ಸಣ್ಣ ರಕ್ತನಾಳಗಳಿಗೂ, ಆ ಮೂಲಕ ಹೃದಯ, ಮೆದುಳು ಮತ್ತು ಮೂತ್ರಪಿಂಡಗಳಿಗೂ ತಗಲುತ್ತದೆ ಎಂಬುದು ಅಷ್ಟಾಗಿ ಚರ್ಚೆಗೆ ಬಾರದ ವಿಷಯ. ಊರಿನಿಂದ ವಯಸ್ಸಾದ ತಂದೆ ತಾಯಿಯರನ್ನು ಕರೆತಂದು ದ್ವಾರಕಾ, ಮಯೂರ್ ವಿಹಾರ್, ನೋಯ್ಡಾ, ಗುರುಗ್ರಾಮಗಳಲ್ಲಿ ಜೊತೆಗಿರಿಸಿಕೊಂಡಿರುವ ಕುಟುಂಬಗಳು ಇದನ್ನು ತಿಳಿದುಕೊಳ್ಳುವುದು ಅಗತ್ಯ.

ದೆಹಲಿಯಲ್ಲೇ ಕಂಡ ಸತ್ಯ

ಈ ನಂಟಿನ ಒಂದು ಮುಖವನ್ನು ಆರು ದಶಕಗಳ ಹಿಂದೆಯೇ ಗುರುತಿಸಿದವರು ದೆಹಲಿಯ ವೈದ್ಯೆ ಡಾ. ಎಸ್. ಪದ್ಮಾವತಿ. ಬರ್ಮಾದಲ್ಲಿ ಹುಟ್ಟಿದ ಅವರು ಭಾರತದ ಮೊದಲ ಮಹಿಳಾ ಹೃದ್ರೋಗ ತಜ್ಞೆ ಎಂದು ಹೆಸರಾದವರು. 1953ರಲ್ಲಿ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜನ್ನು ಸೇರಿ, ಅಲ್ಲಿ ಹೃದ್ರೋಗ ಚಿಕಿತ್ಸಾ ವಿಭಾಗವನ್ನು ಕಟ್ಟಿದರು. 1959ರಲ್ಲಿ ಅವರು ಸಹೋದ್ಯೋಗಿಯೊಬ್ಬರ ಜೊತೆ ಅಮೆರಿಕದ ‘ಸರ್ಕ್ಯುಲೇಷನ್’ ವೈದ್ಯಕೀಯ ಪತ್ರಿಕೆಯಲ್ಲಿ ದೆಹಲಿಯ 127 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಅದರ ವಿಷಯ, ಶ್ವಾಸಕೋಶದ ರೋಗದಿಂದ ಹೃದಯದ ಬಲಭಾಗ ಸೋಲುವ ಕಾಯಿಲೆ. ವೈದ್ಯರು ಇದನ್ನು ‘ಕಾರ್ ಪಲ್ಮೊನೇಲ್’ ಎನ್ನುತ್ತಾರೆ.

ಪಾಶ್ಚಾತ್ಯ ದೇಶಗಳಲ್ಲಿ ಇದು ಹೆಚ್ಚಾಗಿ ಧೂಮಪಾನ ಮಾಡುವ ವಯಸ್ಸಾದ ಗಂಡಸರ ಕಾಯಿಲೆಯಾಗಿತ್ತು. ದೆಹಲಿಯಲ್ಲಾದರೋ ಧೂಮಪಾನದ ಅಭ್ಯಾಸ ಕಡಿಮೆ ಇದ್ದ ಹೆಂಗಸರಲ್ಲೂ, ಅದೂ ಚಿಕ್ಕ ವಯಸ್ಸಿನಲ್ಲೇ, ಇದು ಕಾಣಿಸಿಕೊಳ್ಳುತ್ತಿತ್ತು. ಅಡುಗೆ ಮನೆಯ ಹೊಗೆ ಹಾಗೂ ಮತ್ತೆ ಮತ್ತೆ ಬರುವ ಎದೆಯ ಸೋಂಕಿನ ಕಡೆಗೆ ಅವರ ಸಂಶೋಧನೆ ಬೆರಳು ತೋರಿಸಿತು. ಡಾ. ಪದ್ಮಾವತಿ ಅವರು 2020ರ ಆಗಸ್ಟ್‌ನಲ್ಲಿ ತಮ್ಮ 103ನೇ ವಯಸ್ಸಿನಲ್ಲಿ ಕೋವಿಡ್‌ನಿಂದ ನಿಧನರಾದರು.

ಒಳಗೆ ನಡೆಯುವುದೇನು?

ಶ್ವಾಸಕೋಶದಲ್ಲಿ 30 ಕೋಟಿಗೂ ಹೆಚ್ಚು ಪುಟ್ಟ ಗಾಳಿಗೂಡುಗಳಿವೆ. ಪ್ರತಿಯೊಂದರ ಸುತ್ತಲೂ ಕೂದಲಿಗಿಂತ ಎಷ್ಟೋ ತೆಳ್ಳಗಿನ ರಕ್ತನಾಳಗಳ ಬಲೆ ಹೆಣೆದುಕೊಂಡಿದೆ. ಗಾಳಿಗೂ ರಕ್ತಕ್ಕೂ ನಡುವಿನ ಗೋಡೆಯ ದಪ್ಪ ಒಂದು ಮೈಕ್ರಾನ್‌ಗಿಂತಲೂ ಕಡಿಮೆ. ಮೈಕ್ರಾನ್ ಎಂದರೆ ಒಂದು ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ. ಹೊಗೆಯಿಂದಲೋ ರೋಗದಿಂದಲೋ ಗಾಳಿಗೂಡುಗಳು ಹಾಳಾದರೆ ಅಲ್ಲಿನ ಸಣ್ಣ ನಾಳಗಳು ಕಿರಿದಾಗುತ್ತವೆ, ಕೆಲವು ನಶಿಸಿಯೇ ಹೋಗುತ್ತವೆ. ಉಳಿದ ಕಡಿಮೆ ದಾರಿಯಲ್ಲಿ ಅಷ್ಟೇ ರಕ್ತವನ್ನು ನೂಕಲು ಹೃದಯದ ಬಲಭಾಗ ಹೆಚ್ಚು ದುಡಿಯಬೇಕು. ವರ್ಷಗಳು ಕಳೆದಂತೆ ಅದು ಹಿಗ್ಗಿ ಸೋಲುತ್ತದೆ. ಕಾಲಿನ ಗಂಟಿನಲ್ಲಿ ಬಾವು, ಮೆಟ್ಟಿಲು ಹತ್ತಿದರೆ ಏದುಸಿರು ಇದರ ಲಕ್ಷಣಗಳು.

ಇನ್ನೊಂದು ದಾರಿಯೂ ಇದೆ. ಪತ್ರಿಕೆಗಳಲ್ಲಿ ನಿತ್ಯ ಓದುವ ‘ಪಿಎಂ 2.5’ ಎಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳು. ಇವು ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ. ಇವುಗಳಲ್ಲಿ ತೀರಾ ಸೂಕ್ಷ್ಮವಾದವು ರಕ್ತಕ್ಕೂ ದಾಟಬಲ್ಲವು. ಕಣಗಳು ಕುಳಿತ ಕಡೆ ಉರಿಯೂತ ಉಂಟಾಗುತ್ತದೆ. ಆ ಉರಿಯೂತದ ರಾಸಾಯನಿಕಗಳು ರಕ್ತದೊಡನೆ ಸಾಗಿ ದೂರದ ನಾಳಗಳ ಒಳಪದರವನ್ನೂ ಕೆರಳಿಸುತ್ತವೆ. ನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ. ದೆಹಲಿಯ 5 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಹಲವು ವರ್ಷ ಗಮನಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಗಿದ್ದು, ಪಿಎಂ 2.5 ಹೆಚ್ಚಿದಂತೆ ರಕ್ತದೊತ್ತಡವೂ, ಹೊಸದಾಗಿ ಬಿಪಿ ಕಾಯಿಲೆ ಬರುವ ಸಾಧ್ಯತೆಯೂ ಹೆಚ್ಚುವುದನ್ನು ತೋರಿಸಿದೆ. ಸಣ್ಣ ನಾಳಗಳಿಗೆ ಅಧಿಕ ರಕ್ತದೊತ್ತಡಕ್ಕಿಂತ ದೊಡ್ಡ ಶತ್ರು ಇಲ್ಲ.

ಮೆದುಳಿನ ಸದ್ದಿಲ್ಲದ ಪೆಟ್ಟು

ಮೆದುಳಿನ ಒಳಭಾಗಕ್ಕೆ ರಕ್ತ ಒದಗಿಸುವ ನಾಳಗಳು ತೀರಾ ಸಣ್ಣವು. ಅವು ಹಾಳಾದರೆ ದೊಡ್ಡ ಪಾರ್ಶ್ವವಾಯುವಿನಂತೆ ಒಮ್ಮೆಗೇ ಗೊತ್ತಾಗುವುದಿಲ್ಲ. ನಡಿಗೆ ನಿಧಾನವಾಗುತ್ತದೆ, ಹೆಜ್ಜೆ ತಪ್ಪುತ್ತದೆ, ಲೆಕ್ಕ ಹಾಕಲು ಹೊತ್ತು ಹಿಡಿಯುತ್ತದೆ, ಮರೆವು ಮತ್ತು ಮಂಕು ಆವರಿಸುತ್ತದೆ. ಮನೆಯವರು ‘ವಯಸ್ಸಾಯಿತು’ ಎಂದು ಸುಮ್ಮನಾಗುತ್ತಾರೆ. ಉಳಿತಾಯ ಖಾತೆಯಿಂದ ದಿನವೂ ಚಿಲ್ಲರೆ ಮೊತ್ತ ಕಡಿತವಾಗುತ್ತಿದ್ದರೆ ಪಾಸ್‌ಬುಕ್ ತುಂಬಿಸುವವರೆಗೆ ತಿಳಿಯದಲ್ಲವೇ, ಇದೂ ಹಾಗೆಯೇ.

ಅಮೆರಿಕದ ನಾಲ್ಕು ಊರುಗಳ ಜನರ ಮೇಲೆ ನಡೆದ, 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶ್ವಾಸಕೋಶದ ಸಾಮರ್ಥ್ಯ ಕಡಿಮೆ ಇದ್ದವರ ಎಂಆರ್‌ಐಯಲ್ಲಿ ಮೆದುಳಿನ ಸಣ್ಣ ನಾಳಗಳ ಹಾನಿಯ ಗುರುತುಗಳು ಹೆಚ್ಚಾಗಿ ಕಂಡವು. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನ, ದೀರ್ಘಕಾಲದ ಶ್ವಾಸಕೋಶ ರೋಗವಾದ ಸಿಒಪಿಡಿ ಇದ್ದವರ ಮೆದುಳಿನಲ್ಲಿ ಅತಿ ಸಣ್ಣ ರಕ್ತಸ್ರಾವದ ಚುಕ್ಕೆಗಳು ಹೆಚ್ಚೆಂದು ಹೇಳಿತು. 2015ರಲ್ಲಿ ಬಂದ ಅಮೆರಿಕದ ಇನ್ನೊಂದು ಅಧ್ಯಯನ 943 ಜನರದು. ಗಾಳಿಯ ಪ್ರತಿ ಘನ ಮೀಟರ್‌ನಲ್ಲಿ ಪಿಎಂ 2.5 ಕೇವಲ 2 ಮೈಕ್ರೊಗ್ರಾಂ ಹೆಚ್ಚಿದ್ದಲ್ಲಿ, ಅರಿವಿಗೆ ಬಾರದೆ ಆಗಿಹೋದ ಸಣ್ಣ ಪಾರ್ಶ್ವವಾಯುವಿನ ಸಾಧ್ಯತೆ ಶೇ. 46ರಷ್ಟು ಹೆಚ್ಚಿತ್ತು.

ಅದು ಗಾಳಿ ಬಹುಮಟ್ಟಿಗೆ ಶುದ್ಧವಾಗಿರುವ ಪ್ರದೇಶದ ಮಾತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ನಿಗದಿ ಮಾಡಿದ ವಾರ್ಷಿಕ ಮಿತಿ 5 ಮೈಕ್ರೊಗ್ರಾಂ, ನಮ್ಮ ದೇಶದ ಮಿತಿ 40. ದೆಹಲಿಯ ವಾರ್ಷಿಕ ಸರಾಸರಿ ಇತ್ತೀಚಿನ ವರ್ಷಗಳಲ್ಲಿ 100ರ ಆಸುಪಾಸಿನಲ್ಲಿದೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಈ ಅಧ್ಯಯನಗಳು ನಂಟನ್ನು ತೋರಿಸುತ್ತವೆ, ಒಬ್ಬರ ಮರೆವಿಗೆ ಹೊಗೆಯೇ ಕಾರಣವೆಂದು ಸಾಬೀತು ಮಾಡುವುದಿಲ್ಲ. ಧೂಮಪಾನ, ಬಿಪಿ, ಸಕ್ಕರೆ ಕಾಯಿಲೆ ಇವೂ ಶ್ವಾಸಕೋಶ ಅಥವಾ ನಾಳಗಳನ್ನು ಕೆಡಿಸುತ್ತವೆ. ಆದರೆ ಬಿಪಿ, ಸಕ್ಕರೆ ಈಗಾಗಲೇ ಇರುವವರಿಗೆ ಹೊಗೆ ಮತ್ತೊಂದು ಹೊರೆ ಎಂಬುದಂತೂ ನಿಜ.

ಮಾಡಬೇಕಾದ್ದು

ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆಗೆ ‘ಸ್ಪೈರೊಮೆಟ್ರಿ’ ಎನ್ನುತ್ತಾರೆ. ಕೊಳವೆಯೊಳಗೆ ಜೋರಾಗಿ ಊದಿದರಾಯಿತು, ಸೂಜಿಯಿಲ್ಲ, ನೋವಿಲ್ಲ. ವರ್ಷಕ್ಕೆ ಎರಡು ಮೂರು ತಿಂಗಳು ಬಿಡದೆ ಕೆಮ್ಮುವವರು, ನಡೆಯುವಾಗ ಏದುಸಿರು ಬರುವವರು, ಬೀಡಿ ಸಿಗರೇಟು ಸೇದಿದವರು, ಸೌದೆ ಒಲೆಯ ಮುಂದೆ ವರ್ಷಗಟ್ಟಲೆ ಅಡುಗೆ ಮಾಡಿದ ತಾಯಂದಿರು ವೈದ್ಯರಲ್ಲಿ ಇದನ್ನು ಕೇಳಬೇಕು. ದೆಹಲಿ ವಿಶ್ವವಿದ್ಯಾಲಯದ ಉತ್ತರ ಆವರಣದಲ್ಲಿರುವ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್ ಎದೆರೋಗಗಳಿಗೆಂದೇ ಇರುವ ಸರ್ಕಾರಿ ಅನುದಾನಿತ ಸಂಸ್ಥೆ. ಬಿಪಿ, ಸಕ್ಕರೆ ಇದ್ದವರು ಮೂತ್ರದಲ್ಲಿ ಅಲ್ಬುಮಿನ್ ಪರೀಕ್ಷೆ ಮತ್ತು ಕಣ್ಣಿನ ಅಕ್ಷಿಪಟಲದ ಪರೀಕ್ಷೆಯನ್ನೂ ಮಾಡಿಸುವುದು ಒಳ್ಳೆಯದು. ಮೂತ್ರಪಿಂಡ ಮತ್ತು ಕಣ್ಣಿನ ಸಣ್ಣ ನಾಳಗಳ ಸ್ಥಿತಿ ಅಲ್ಲಿ ತಿಳಿಯುತ್ತದೆ.

ಚಳಿಗಾಲದ ಮುಂಜಾನೆ ಹೊಗೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಊರಿನ ಅಭ್ಯಾಸದಂತೆ ಐದೂವರೆಗೇ ವಾಕಿಂಗ್ ಹೊರಡುವ ಹಿರಿಯರು ಬಿಸಿಲೇರಿದ ಮೇಲೆ, ಅದೂ ಸೂಚ್ಯಂಕ ನೋಡಿಕೊಂಡು ಹೊರಡಬೇಕು. ಸೂಚ್ಯಂಕ 300 ದಾಟಿದ ದಿನ ಮನೆಯೊಳಗಿನ ನಡಿಗೆಯೇ ಸಾಕು. ಕರವಸ್ತ್ರ ಕಟ್ಟಿಕೊಂಡರೆ ಸೂಕ್ಷ್ಮ ಕಣ ತಡೆಯದು, ಸರಿಯಾಗಿ ಕೂರುವ ಎನ್-95 ಮಾಸ್ಕ್ ಬೇಕು. ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿ, ಅಗರಬತ್ತಿ ಉರಿಸುವುದನ್ನು ಕಡಿಮೆ ಮಾಡಬೇಕು. ಒಗ್ಗರಣೆಯ ಹೊತ್ತಿಗೆ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿರಲಿ. ವೈದ್ಯರು ಕೊಟ್ಟ ಇನ್ಹೇಲರನ್ನು ‘ಚಟವಾಗುತ್ತದೆ’ ಎಂದು ಹೆದರಿ ಬಿಡಬಾರದು.

ಸಂಘಗಳ ಪಾಲು

ಕನ್ನಡ ಸಂಘಗಳು ನಡೆಸುವ ಆರೋಗ್ಯ ಶಿಬಿರಗಳಲ್ಲಿ ಸಾಮಾನ್ಯವಾಗಿ ಬಿಪಿ, ಸಕ್ಕರೆ, ಕಣ್ಣಿನ ತಪಾಸಣೆ ಇರುತ್ತದೆ. ಅದೇ ಮೇಜಿನ ಮೇಲೆ ಊದುವ ಯಂತ್ರವೊಂದು, ಪಕ್ಕದಲ್ಲಿ ಅದನ್ನು ಬಲ್ಲ ತಂತ್ರಜ್ಞರೊಬ್ಬರು ಇದ್ದರೆ ಎಷ್ಟೋ ಹಿರಿಯರ ಕಾಯಿಲೆ ಮೊದಲೇ ಗೊತ್ತಾದೀತು. ರಾಜ್ಯೋತ್ಸವದ ಮೆರವಣಿಗೆ, ಮಕ್ಕಳ ಕ್ರೀಡಾಕೂಟಗಳನ್ನು ಬೆಳಗಿನ ಜಾವ ಅಥವಾ ರಾತ್ರಿಯ ಬದಲು ಮಧ್ಯಾಹ್ನಕ್ಕೆ, ಸಾಧ್ಯವಾದರೆ ಸಭಾಂಗಣದ ಒಳಕ್ಕೆ ತರುವ ಬಗ್ಗೆಯೂ ಪದಾಧಿಕಾರಿಗಳು ಯೋಚಿಸಬಹುದು. ನಗರದ ಗಾಳಿಯನ್ನು ಶುದ್ಧಗೊಳಿಸುವುದು ಒಂದು ಸಂಘದ ಕೈಲಾಗದ ಕೆಲಸ. ಆದರೆ ಮುಂದಿನ ಸಾಲಿನಲ್ಲಿ ಕುಳಿತು ನಾಡಗೀತೆಗೆ ಎದ್ದು ನಿಲ್ಲುವ ಹಿರಿಯರು ಮುಂದಿನ ವರ್ಷವೂ ಅಷ್ಟೇ ಗಟ್ಟಿಯಾಗಿ ಎದ್ದು ನಿಲ್ಲುವಂತೆ ನೋಡಿಕೊಳ್ಳುವುದು ಸಂಘಗಳ ಕೈಲಿದೆ.