ಕ್ಯಾಮರಾದಿಂದ ಬೆಟ್ಟ ಅಳೆದವರು

ನಾನು ಹಿರಿಯೂರು ಕಡೆಯ ಒಣಬೇಸಾಯಗಾರ. ಮಗಳ ಮನೆ ಸುಬ್ರಹ್ಮಣ್ಯದಲ್ಲಿ. ಅಲ್ಲಿನ ಅಂಗಳದಿಂದ ಕುಮಾರ ಪರ್ವತ ಕಾಣೋದು ಮೋಡ ಸರಿದಾಗ ಮಾತ್ರ. ಒಂದು ಬೆಳಿಗ್ಗೆ ಅಳಿಯ ಕೇಳಿದ: 'ಸರಪಳಿ ಎಳೆಯಲಾಗದ ಇಂಥ ಬೆಟ್ಟವನ್ನು ನಕ್ಷೆಗೆ ಹೇಗೆ ತರ್ತಾರೆ ಮಾವ?'

ಅಂಗಳದಲ್ಲೇ ಮಾಡಿ ನೋಡಿ. 33 ಅಡಿ ಅಂತರಕ್ಕೆ ಎರಡು ಗೂಟ ನೆಡಿ. ಎರಡೂ ಕಡೆಯಿಂದ ಒಂದೇ ತೆಂಗಿನ ಮರವನ್ನು ಗುರಿಯಿಟ್ಟು, ಆ ಕೋನಗಳನ್ನು ಕಾಗದದ ಮೇಲೆ ಗೀರಿ. ಗೆರೆ ಕೂಡುವಲ್ಲಿ ಮರ. ಹತ್ತಿರ ಹೋಗಬೇಕಿಲ್ಲ. 1800ರ ನಂತರ ಲ್ಯಾಂಬ್ಟನ್ ಸಾಹೇಬರ ತಂಡ ಥಿಯೋಡೊಲೈಟ್ ಹೊತ್ತು ಮೈಸೂರು ಸೀಮೆಯಿಂದ ಮಂಗಳೂರು ಕರಾವಳಿವರೆಗೆ ಅಳೆದದ್ದೂ ಈ ಲೆಕ್ಕದಲ್ಲೇ. ಆದರೆ ಒಂದೊಂದು ಗುರುತಿಗೂ ಒಂದೊಂದು ಸಲ ಗುರಿಯಿಡಬೇಕು. ಅಷ್ಟರಲ್ಲಿ ಮೋಡ ಕವಿದರೆ ಆ ದಿನದ ಕೆಲಸ ಹೋಯಿತು.

ಫ್ರಾನ್ಸಿನ ಸೇನಾಧಿಕಾರಿ ಲೌಸೆಡಾ 1850ರ ದಶಕದಲ್ಲಿ ಈ ಕೆಲಸಕ್ಕೆ ಕ್ಯಾಮರಾ ತಂದರು. ಒಂದು ಚಿತ್ರದಲ್ಲಿ ಎಲ್ಲ ಗುರುತೂ ಒಟ್ಟಿಗೆ ಸಿಗುತ್ತವೆ. ಕ್ಯಾಮರಾ, ಥಿಯೋಡೊಲೈಟ್ ಎರಡನ್ನೂ ಸೇರಿಸಿದ ಯಂತ್ರವೇ ಫೋಟೋ-ಥಿಯೋಡೊಲೈಟ್. ಗಾಜಿನ ಪ್ಲೇಟಿನ ಮೇಲೆ ಅಡ್ಡ, ಉದ್ದ ಗೆರೆಗಳೂ ಮೂಡುತ್ತವೆ. ಉದ್ದ ಗೆರೆಯಿಂದ ಎಡಬಲದ ಕೋನ, ಅಡ್ಡ ಗೆರೆಯಿಂದ ಎತ್ತರ. 1890ರ ದಶಕದ ಬ್ರಿಡ್ಜಸ್-ಲೀ ಯಂತ್ರದಲ್ಲಂತೂ ಒಳಗಿನ ದಿಕ್ಸೂಚಿಯ ಅಂಕಿಯೂ ಪ್ಲೇಟಿಗೆ ಬೀಳುತ್ತಿತ್ತು. ಲೆಕ್ಕ ಮಾಡೋದು ಮನೆಯಲ್ಲಿ, ನೆರಳಲ್ಲಿ ಕೂತು.

ಕೆನಡಾದ ರಾಕಿ ಬೆಟ್ಟಗಳನ್ನು 1886ರಿಂದ ಹೀಗೇ ಅಳೆದರು. 1926ರಲ್ಲಿ ಸರ್ವೆ ಆಫ್ ಇಂಡಿಯಾದ ಕೆನೆತ್ ಮೇಸನ್ ಕಾರಕೋರಂ ಆಚೆಯ ಶಕ್ಸ್‌ಗಾಮ್ ಕಣಿವೆಗೂ ಇಂಥ ಯಂತ್ರ ಒಯ್ದರು. ಇವುಗಳ ಮೇಲ್ಭಾಗವೆಲ್ಲ ಬೋಳು. ನೆಲದ ಮೇಲಿನ ಕ್ಯಾಮರಾಕ್ಕೆ ಕಾಡಿನೊಳಗಿನದ್ದೂ ಗುಡ್ಡದ ಆಚೆಯದ್ದೂ ಕಾಣದು. ಸುಬ್ರಹ್ಮಣ್ಯದಂಥ ಕಡೆ ಅದು ಸೋಲುವುದು ಅಲ್ಲೇ. ಮುಂದೆ ಕ್ಯಾಮರಾ ವಿಮಾನ ಹತ್ತಿತು. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಊರಮನೆಗಳನ್ನು ಅಳೆದ ಡ್ರೋನು ಇದರ ಮೊಮ್ಮಗನೇ. ಅದಕ್ಕೂ ಅಡಿಕೆ ಸೋಗೆಯ ಕೆಳಗಿನ ಗಡಿಕಲ್ಲು ಕಾಣಿಸದು.

ಇದೆಲ್ಲ ನನಗೇಕೆ ಬೇಕಿತ್ತು? ನನ್ನ ಬದುವಿನ ಕಲ್ಲು ಒಂದು ಮಳೆಗೆ ಕೊಚ್ಚಿಹೋಯ್ತು. ಕಲ್ಲು ಎಲ್ಲಿತ್ತು ಅಂತ ನಾನೂ ಪಕ್ಕದವರೂ ಮೂರು ವರ್ಷ ಮಾತು ಬಿಟ್ಟೆವು. ಈಗ ಉಳಿದ ಪ್ರತಿ ಕಲ್ಲಿಗೂ ಎರಡು ಕಡೆಯಿಂದ, ಬಾವಿಕಟ್ಟೆಯೋ ಬಂಡೆಯೋ ಜೊತೆಗೆ ಬರುವಂತೆ, ಫೋಟೋ ತೆಗೆದಿಟ್ಟಿದ್ದೇನೆ. ಅಲ್ಲಿಂದ ಕಲ್ಲಿಗೆ ಎಷ್ಟು ಅಡಿ ಅಂತ ಫೋಟೋದ ಹಿಂದೆ ಬರೆದಿದ್ದೇನೆ. ಗಡಿ ತೀರ್ಮಾನಿಸೋದು ಸರ್ವೆ ಇಲಾಖೆಯೇ, ಫೋಟೋ ಅಲ್ಲ. ಆದರೆ ಜಗಳ ಶುರುವಾಗುವ ಮುಂಚೆ ಇಬ್ಬರೂ ಕೂತು ನೋಡಬಹುದು. ನೀವೂ ಮಳೆಗಾಲಕ್ಕೆ ಮೊದಲು ತೆಗೆದಿಡಿ.