ಬೆಂಕಿಗೆ ಅಂಜದ ಬುಡಗಂಟು

ಸೌತಡ್ಕದ ಗಣಪನಿಗೆ ಗುಡಿಯಿಲ್ಲ, ಅಲ್ಲಿ ಕಟ್ಟಿದ ಗಂಟೆಗಳಿಗೆ ಲೆಕ್ಕವಿಲ್ಲ. ಹರಕೆ ತೀರಿಸಿ, ಅವಲಕ್ಕಿ ಪಂಚಕಜ್ಜಾಯ ಕೈಯಲ್ಲಿ ಹಿಡಿದು, ಕೊಕ್ಕಡದ ದಾರಿಯಾಗಿ ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೊರಡುವ ವಾಹನಗಳ ಸಾಲು ರಜೆಯ ದಿನ ಕಡಿಯುವುದೇ ಇಲ್ಲ. ಯಾತ್ರಿಕರು ಬಂದಲ್ಲಿ ಅಂಗಡಿ. ಅಂಗಡಿ ಇದ್ದಲ್ಲಿ ಮರದ ಸಾಮಾನು. ಜಪಮಾಲೆ, ಕುಂಕುಮದ ಭರಣಿ, ಚನ್ನಪಟ್ಟಣದ ಬುಗುರಿ. ಮರದ ಪೈಪಿನ ಬಗ್ಗೆ ಬರೆಯಹೊರಟು ಸೌತಡ್ಕದಿಂದ ಆರಂಭಿಸಿದ್ದಕ್ಕೆ ಕಾರಣವಿದೆ. ಹೊಗೆಸೊಪ್ಪು ಸೇದುವ ಮರದ ಪೈಪಿಗೆ ತವರು ಎನಿಸಿಕೊಂಡ ಊರು ಕೂಡ ಬೆಟ್ಟಗಳ ನಡುವಿನ ಒಂದು ಯಾತ್ರಾಸ್ಥಳವೇ.

ಫ್ರಾನ್ಸಿನ ಜುರಾ ಬೆಟ್ಟಸಾಲಿನಲ್ಲಿರುವ ಆ ಊರಿನ ಹೆಸರು ಸಾಂ ಕ್ಲೋದ್. ಅಲ್ಲಿನ ಮಠದಲ್ಲಿ ಒಬ್ಬ ಸಂತನ ಅವಶೇಷಗಳಿದ್ದವು. ದರ್ಶನಕ್ಕೆ ಬಂದವರಿಗೆ ಮಾರಲೆಂದು ಸುತ್ತಲಿನ ಜನ ಬಾಕ್ಸ್‌ವುಡ್ ಎಂಬ ಗಟ್ಟಿಮರವನ್ನು ಕಡೆದು ಜಪಮಾಲೆ, ಪುಟ್ಟ ವಿಗ್ರಹ ಮಾಡುತ್ತಿದ್ದರು. ಯುರೋಪಿನಲ್ಲಿ ಹೊಗೆಸೊಪ್ಪಿನ ಚಟ ಹಬ್ಬಿದ ಮೇಲೆ ಅದೇ ಕೈಗಳು ಪೈಪಿನ ನಳಿಗೆ ಕಡೆಯತೊಡಗಿದವು. ತೊಡಕು ಇದ್ದದ್ದು ಸೊಪ್ಪು ತುಂಬುವ ಬಟ್ಟಲಿನದು. ಮಣ್ಣಿನದಾದರೆ ಒಡೆಯುತ್ತಿತ್ತು, ಮರದ್ದಾದರೆ ಸುಡುತ್ತಿತ್ತು. 1850ರ ದಶಕದಲ್ಲಿ ಮೆಡಿಟರೇನಿಯನ್ ತೀರದಿಂದ ಬ್ರೈಯರ್ ಎಂಬ ಗಿಡದ ಬುಡಗಂಟು ಅಲ್ಲಿಗೆ ಬಂತು. ಊರಿನ ದೆಸೆ ತಿರುಗಿತು. ಇಂದು ಅಲ್ಲಿ ಪೈಪಿಗೇ ಒಂದು ವಸ್ತುಸಂಗ್ರಹಾಲಯವಿದೆ.

ಈ ಬ್ರೈಯರ್ ನೋಡಲು ಏನೇನೂ ಅಲ್ಲ. ಸಸ್ಯಶಾಸ್ತ್ರದವರು ಎರಿಕಾ ಆರ್ಬೋರಿಯಾ ಎನ್ನುವ, ಬಿಳಿ ಹೂ ಬಿಡುವ ಪೊದೆ. ಅದು ಬೆಳೆಯುವ ಕುರುಚಲು ಕಾಡಿಗೆ ಬೇಸಿಗೆಯಲ್ಲಿ ಬೆಂಕಿ ಬೀಳುವುದು ಮಾಮೂಲಿ. ಮೇಲಿನ ಗಿಡವೆಲ್ಲ ಉರಿದುಹೋದರೂ ನೆಲದೊಳಗಿನ ಗಂಟು ಉಳಿದು ಮತ್ತೆ ಚಿಗುರುತ್ತದೆ. ಹತ್ತಾರು ವರ್ಷ ಬಲಿತ ಆ ಗಂಟನ್ನು ಅಗೆದು, ಬಿರಿಯದಂತೆ ಒದ್ದೆಯಲ್ಲೇ ಇಟ್ಟು, ತುಂಡು ಮಾಡಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಒಗರೆಲ್ಲ ನೀರಿಗೆ ಬಿಟ್ಟ ಮೇಲೆ ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ, ನೆರಳಿನಲ್ಲಿ ಒಣಗಿಸುತ್ತಾರೆ. ಅವಸರ ಮಾಡಿದರೆ ಮೊದಲ ಬೆಂಕಿಗೇ ಬಿರುಕು.

ಪೈಪ್ ಅಂದಕೂಡಲೇ ನಮಗೆ ನೆನಪಾಗುವುದು ಹಳೆಯ ಕನ್ನಡ ಸಿನಿಮಾದ ಸಿರಿವಂತ ಅಪ್ಪ: ರೇಷ್ಮೆ ಗೌನು, ಮಹಡಿಯ ಮೆಟ್ಟಿಲು, ಬಾಯಲ್ಲಿ ಪೈಪು, ಬಡವನನ್ನು ಪ್ರೀತಿಸಿದ ಮಗಳ ಮೇಲೆ ಸಿಟ್ಟು. ಬಿಳಿಯರು ಬಿಟ್ಟುಹೋದ ಶೋಕಿ ಎಂದೇ ನಾವು ತಿಳಿದಿದ್ದೇವೆ. ಆದರೆ ಮೊಗಲರ ಆಸ್ಥಾನಕ್ಕೆ ಹೊಗೆಸೊಪ್ಪನ್ನೂ ಪೈಪನ್ನೂ ಕೊಟ್ಟದ್ದು ನಮ್ಮ ಬಿಜಾಪುರ. ಅಕ್ಬರನ ದೂತನಾಗಿ ಆದಿಲ್‌ಶಾಹಿ ದರಬಾರಿಗೆ ಬಂದಿದ್ದ ಅಸದ್ ಬೇಗ್ ಅಲ್ಲಿ ಈ ಸೊಪ್ಪನ್ನು ಕಂಡು ಬೆರಗಾದ. 1604ರ ಸುಮಾರಿಗೆ ಹಿಂದಿರುಗುವಾಗ ಒಂದಿಷ್ಟನ್ನು ಕಟ್ಟಿಕೊಂಡು ಹೋದ. ಬರಿಗೈಯಲ್ಲಿ ಸೊಪ್ಪು ಒಪ್ಪಿಸುವುದು ಹೇಗೆ? ಸುಮಾತ್ರಾದ ಅಚೆ ಸೀಮೆಯಿಂದ ಬಂದ ಮೂರು ಮೊಳದ ನಳಿಗೆಯ ಎರಡೂ ತುದಿಗೆ ರತ್ನ, ಮೀನಾಕಾರಿ ಕೂಡಿಸಿದ. ಬಾಯಿಗಿಡುವಲ್ಲಿ ಯೆಮನ್ ದೇಶದ ಕೆಂಪು ಅಕೀಕಿನ ಕಲ್ಲು ಜೋಡಿಸಿದ. ಕಿಡಿ ಹೊತ್ತಿಸಲು ಚಿನ್ನದ ಪಾತ್ರೆ ಇಟ್ಟ. ಅಕ್ಬರ್ ಎರಡು ಮೂರು ದಮ್ಮು ಎಳೆದ. ಹಕೀಮರು ಬೇಡ ಎಂದರು. ಇದನ್ನೆಲ್ಲ ಅಸದ್ ಬೇಗನೇ ಬರೆದಿಟ್ಟಿದ್ದಾನೆ. ಸಿಕ್ಕಲ್ಲಿಂದ ಬಿಡಿಭಾಗ ತಂದು, ಕೂತು ಒಂದಕ್ಕೊಂದು ಹೊಂದಿಸಿದ ಈ ಮನುಷ್ಯ ಇಂದು ಹವ್ಯಾಸಕ್ಕೆ ಪೈಪ್ ಮಾಡುವವರ ಹಿರಿಯಣ್ಣನೇ ಸರಿ.

ಕೊಕ್ಕಡದಿಂದ ಬೆಳ್ತಂಗಡಿ, ಬಂಟ್ವಾಳದವರೆಗೆ ಹೊಗೆಸೊಪ್ಪಿನ ಕೈಕೆಲಸ ಎಂದರೆ ಬೀಡಿ. ಮಡಿಲಲ್ಲಿ ತಡ್ಪೆ, ಕೈಯಲ್ಲಿ ಕತ್ತರಿ, ನೆನೆಸಿಟ್ಟ ಎಲೆ, ಸಂಜೆ ಬೀಡಿ ಬ್ರಾಂಚಿಗೆ ಒಂದು ನಡಿಗೆ. ಪಳಗಿದ ಕೈಯ ಹೆಂಗಸು ದಿನಕ್ಕೆ ಸಾವಿರದ ಹತ್ತಿರ ಕಟ್ಟುತ್ತಾಳೆ. ಸಾವಿರಕ್ಕೆ ಇಷ್ಟು ಎಂದು ಮಜೂರಿ. ಎಷ್ಟೋ ಮನೆಗಳ ಮಕ್ಕಳ ಫೀಸು, ಮಗಳ ಬಂಗಾರ ಅದರಲ್ಲೇ ಹುಟ್ಟಿದೆ. ಬೆನ್ನುನೋವು, ಕೆಮ್ಮು ಕೂಡ. ಪೈಪ್ ಮಾಡುವ ಹವ್ಯಾಸಿ ಒಂದೇ ಒಂದು ಬಟ್ಟಲಿಗೆ ವಾರಗಟ್ಟಲೆ ಸಂಜೆಗಳನ್ನು ಕೊಡುತ್ತಾನೆ, ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಎರಡೂ ಬೆರಳಿನ ಸೂಕ್ಷ್ಮದ ಕೆಲಸವೇ, ಆದರೆ ಒಂದನ್ನು ಮಾತ್ರ ಹವ್ಯಾಸ ಎಂದು ಕರೆಯುವ ಸೌಕರ್ಯ ನಮಗಿದೆ. ಇದನ್ನು ಮರೆತು ಕರಕುಶಲದ ಗುಣಗಾನಕ್ಕೆ ಇಳಿಯಲು ನನಗೆ ಮನಸ್ಸಿಲ್ಲ.

ಇನ್ನು ಕೆಲಸದ ಮಾತು. ಹೊಸಬರು ಹಿಡಿಯುವುದು ಸಾಮಾನ್ಯವಾಗಿ ಅರೆಸಿದ್ಧ ತುಂಡು. ತೂತು ಕೊರೆದು, ನಳಿಗೆ ಕೂಡಿಸಿ ಕೊಟ್ಟಿರುತ್ತಾರೆ. ಉಳಿದ ಮರವನ್ನು ಅರದಿಂದ ಉಜ್ಜಿ ಬೇಕಾದ ಆಕಾರಕ್ಕೆ ತರುವುದಷ್ಟೇ ಬಾಕಿ. ಬಾಲ್ಕನಿಯಲ್ಲಿ ಕೂತೂ ಮಾಡಬಹುದು. ನಿಜವಾದ ಪರೀಕ್ಷೆ ಇರುವುದು ತೂತು ಕೊರೆಯುವುದರಲ್ಲಿ. ಸೊಪ್ಪು ತುಂಬುವ ಗುಂಡಿ ಸುಮಾರು 20 ಮಿಲಿಮೀಟರ್ ಅಗಲ, ಹೊಗೆ ಹಾಯುವ ದಾರಿ 4 ಮಿಲಿಮೀಟರಿಗೆ ತುಸು ಆಚೀಚೆ. ಗುಂಡಿ ಮೇಲಿನಿಂದ ಇಳಿಯುತ್ತದೆ, ದಾರಿ ಪಕ್ಕದಿಂದ ಓರೆಯಾಗಿ ಬರುತ್ತದೆ. ಕಣ್ಣಿಗೆ ಕಾಣದ ಮರದ ಹೊಟ್ಟೆಯೊಳಗೆ ಎರಡೂ ಸಂಧಿಸಬೇಕಾದ ಜಾಗ ಒಂದೇ, ಗುಂಡಿಯ ತಳದ ನಟ್ಟನಡು. ದಾರಿ ಕೂದಲಿನಷ್ಟು ಮೇಲೆ ಬಿದ್ದರೆ ತಳದ ಸೊಪ್ಪು ಉರಿಯದೆ ಹಸಿಯಾಗಿ ಉಳಿದು ಗೊರಗೊರ ಅನ್ನುತ್ತದೆ. ಕೆಳಗೆ ಜಾರಿದರೆ ತಳ ತೆಳುವಾಗಿ ಒಂದು ದಿನ ಸುಟ್ಟು ತೂತಾಗುತ್ತದೆ. ಆದ್ದರಿಂದಲೇ ಬಲ್ಲವರು ಹೊರಗಿನ ಚಂದಕ್ಕೆ ಕೈಹಾಕುವ ಮೊದಲು ತುಂಡಿನ ಮೈಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಚೌಕಾಕಾರ ಇರುವಾಗಲೇ ಕೊರೆತ ಮುಗಿಸಿಬಿಡುತ್ತಾರೆ. ದುಂಡಗಾದ ಮೇಲೆ ಹಿಡಿತಕ್ಕೆ ಸಿಗುವುದಿಲ್ಲ.

ನೋಡುವವರು ಬಟ್ಟಲನ್ನು ಹೊಗಳುತ್ತಾರೆ. ಮಾಡುವವರು ತಿಣುಕುವುದು ಬಾಯಿಗಿಡುವ ತುದಿಯಲ್ಲಿ. ಕಪ್ಪು ಎಬೊನೈಟ್ ಅಥವಾ ಅಕ್ರಿಲಿಕ್ ಸರಳನ್ನು ಉಜ್ಜುತ್ತ ಉಜ್ಜುತ್ತ ಹಲ್ಲಿನ ನಡುವೆ ಭಾರವೆನಿಸದಷ್ಟು ತೆಳು ಮಾಡಬೇಕು. ಒಳಗಿನ ದುಂಡು ದಾರಿ ತುದಿಗೆ ಬರುತ್ತ ಅಗಲಕ್ಕೆ ಹರಡಿಕೊಳ್ಳಬೇಕು, ಗಾಳಿ ಎಲ್ಲೂ ಮುಗ್ಗರಿಸಬಾರದು. ತಂತಿಗೆ ನೂಲು ಸುತ್ತಿದ ಕಡ್ಡಿಯನ್ನು ತುದಿಯಿಂದ ತೂರಿಸಿದರೆ ಅದು ತಡೆಯಿಲ್ಲದೆ ಗುಂಡಿಯ ತಳದಲ್ಲಿ ತಲೆ ತೋರಿಸಬೇಕು. ಅಷ್ಟಾದರೆ ಪೈಪ್ ಪಾಸು.

ಆಮೇಲಿನದು ತಾಳ್ಮೆ. ಒರಟು ಸ್ಯಾಂಡ್ ಪೇಪರಿನಿಂದ ನಯದ್ದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ನಡುವೆ ಒಮ್ಮೆ ಬಣ್ಣ ಹಚ್ಚಿ ಮತ್ತೆ ಉಜ್ಜಿದರೆ ಬೆಂಕಿ ನಾಲಿಗೆಯಂಥ ಗೆರೆಗಳು, ಅಡ್ಡ ಕೊಯ್ದ ಕಡೆ ಹಕ್ಕಿಕಣ್ಣಿನಂಥ ಚುಕ್ಕಿಗಳು ಮೈಮೇಲೆ ಏಳುತ್ತವೆ. ಎಷ್ಟೋ ಸಲ ಗಂಟಿನೊಳಗೆ ಬೇರು ನುಂಗಿದ ಮರಳಿನ ಕಲೆ ಕೊನೆಯ ಗಳಿಗೆಯಲ್ಲಿ ಬಯಲಾಗಿ, ಆಕಾರವನ್ನೇ ಬದಲಿಸಬೇಕಾಗುತ್ತದೆ. ಹೊಳಪಿಗೆ ಬ್ರೆಜಿಲ್ ತಾಳೆಯ ಕಾರ್ನೂಬ ಮೇಣ. ಗುಂಡಿಯ ಒಳಗೆ ವಾರ್ನಿಷ್ ಸೋಕಿಸಬಾರದು. ಬೆಂಕಿಯ ಜೊತೆ ಅದೂ ಬಾಯಿಗೆ ಬರುತ್ತದೆ. ಅದರ ಬದಲು ಕೆಲವರು ಮಜ್ಜಿಗೆಯಲ್ಲಿ ಇದ್ದಿಲ ಪುಡಿ ಕಲಸಿ ಒಳಗೋಡೆಗೆ ಬಳಿಯುತ್ತಾರೆ. ನಮ್ಮ ಅಡುಗೆಮನೆಯಲ್ಲೇ ಸಿಗುವ ಈ ಲೇಪ ಒಣಗಿದರೆ ಹೊಸ ಮರವನ್ನು ಮೊದಲ ಕಾವಿನಿಂದ ಕಾಯುತ್ತದೆ.

ಹವ್ಯಾಸಿಗಳಿಗೆ ಪ್ರಿಯವಾದ ಹೆಸರು ಸಿಕ್ಸ್‌ಟನ್ ಇವಾರ್ಸನ್. ಹುಟ್ಟಿದ್ದು ಸ್ವೀಡನ್ನಿನಲ್ಲಿ, ಬಾಳಿದ್ದು ಕೋಪನ್‌ಹೇಗನ್ನಿನಲ್ಲಿ. ಮುರಿದ ತಮ್ಮ ಪೈಪನ್ನು ರಿಪೇರಿಗೆ ಕೊಡಲು ಅಂಗಡಿಗೆ ಹೋದವರು ಅಲ್ಲೇ ಕೆಲಸಕ್ಕೆ ನಿಂತರು. ಅಲ್ಲಿಯವರೆಗೆ ಆಕಾರ ಮೊದಲು, ಮರ ಆಮೇಲೆ ಎಂಬುದು ಕಾರ್ಖಾನೆಯ ಕ್ರಮ. ಇವಾರ್ಸನ್ ಮರದ ಗೆರೆ ಹರಿದ ಕಡೆಗೆ ಆಕಾರವನ್ನು ತಿರುಗಿಸಿದರು, ನಳಿಗೆಗೆ ಬಿದಿರನ್ನೂ ಬಳಸಿದರು. ಡೆನ್ಮಾರ್ಕಿನ ಕೈಪೈಪಿಗೆ ಹೆಸರು ಬಂದದ್ದು ಹೀಗೆ. ಮಗ, ಮೊಮ್ಮಗಳು ಕೂಡ ಅದೇ ಕಸುಬು ಹಿಡಿದರು.

ಪೈಪಿನ ಹೊಗೆಯನ್ನು ಎದೆಯೊಳಗೆ ಎಳೆದುಕೊಳ್ಳುವುದಿಲ್ಲ, ಹಾಗಾಗಿ ಅಪಾಯವಿಲ್ಲ ಎಂದು ವಾದಿಸುವವರಿದ್ದಾರೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಆ ವಾದ ಗೊತ್ತಿಲ್ಲ. ನನ್ನನ್ನು ಕೇಳಿದರೆ, ಈ ಹವ್ಯಾಸದ ಸ್ವಾರಸ್ಯವೆಲ್ಲ ಬೆಂಕಿ ಹಚ್ಚುವ ಮೊದಲೇ ಮುಗಿದಿರುತ್ತದೆ. ಸೇದದವರೂ ಮಾಡಿ ಕಪಾಟಿನಲ್ಲಿ ಇಡಬಹುದು.

ಬ್ರೈಯರ್ ನಮ್ಮಲ್ಲಿ ಬೆಳೆಯದು, ತರಿಸಿಕೊಳ್ಳಬೇಕು. ಕೈ ಪಳಗಿಸಲು ಇಲ್ಲಿನ ಮರವೇ ಸಾಕು. ತೋಟದಲ್ಲಿ ಒಣಗಿದ ಪೇರಳೆಯ ಕೊಂಬು, ಸಾಮಿಲ್ಲಿನ ಮೂಲೆಯಲ್ಲಿ ಬಿದ್ದಿರುವ ಹಲಸಿನ ತುಂಡು, ನಳಿಗೆಗೆ ಕಿರುಬಿದಿರು. ಬೀಟೆ ನೋಡಲು ಚಂದ, ಆದರೆ ಅದರ ಧೂಳು ಕೆಲವರ ಮೈಗೆ ಆಗಿಬರುವುದಿಲ್ಲ. ಸ್ವಂತ ಜಾಗದ್ದಾದರೂ ಕಡಿಯಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಗುರುತಿಲ್ಲದ ಮರವನ್ನಂತೂ ಬಾಯಿಗಿಡುವ ವಸ್ತುವಿಗೆ ಬಳಸಲೇಬಾರದು. ಬೀಜದಲ್ಲೇ ವಿಷ ಇಟ್ಟುಕೊಂಡ ಕಾಸರಕವೂ, ಸೊನೆ ಸೋಕಿದರೆ ಮೈಯೆಲ್ಲ ಬೊಕ್ಕೆ ಏಳಿಸುವ ಚೇರೆಯೂ ನಮ್ಮ ಕಾಡಿನಲ್ಲೇ ಇವೆ. ತುಂಡು ಹಿಡಿದುಕೊಂಡು ಮೊದಲು ಊರಿನ ಆಚಾರಿಯ ಹತ್ತಿರ ಹೋಗುವುದು ಒಳ್ಳೆಯದು. ಅವರು ಉಗುರಿನಿಂದ ಗೀರಿ, ಮೂಸಿ ನೋಡಿ ಮರದ ಹೆಸರು ಹೇಳುತ್ತಾರೆ. ಏನು ಮಾಡಲು ಎಂದು ಕೇಳಿಯೇ ಕೇಳುತ್ತಾರೆ. ಪೈಪು ಎಂದರೆ ನೀರಿನದೋ ಎನ್ನುತ್ತಾರೆ.