ಉಚಿತ ಕಾಮಿಕ್ ಪುಸ್ತಕ ದಿನ

ಉಚಿತ ಕಾಮಿಕ್ ಪುಸ್ತಕ ದಿನವು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಆರಂಭವಾದ ವಾರ್ಷಿಕ ಆಚರಣೆ. ಇಂಗ್ಲಿಷಿನಲ್ಲಿ ಇದನ್ನು ‘ಫ್ರೀ ಕಾಮಿಕ್ ಬುಕ್ ಡೇ’ ಎನ್ನುತ್ತಾರೆ. ಸಾಮಾನ್ಯವಾಗಿ ಮೇ ತಿಂಗಳ ಮೊದಲ ಶನಿವಾರದಂದು, ಇದರಲ್ಲಿ ಪಾಲ್ಗೊಳ್ಳುವ ಕಾಮಿಕ್ ಅಂಗಡಿಗಳು ಬಂದವರಿಗೆಲ್ಲ ಚಿತ್ರಕಥಾ ಪುಸ್ತಕಗಳನ್ನು ಉಚಿತವಾಗಿ ನೀಡುತ್ತವೆ. ಹೊಸ ಓದುಗರನ್ನು ಸ್ಥಳೀಯ ಅಂಗಡಿಗಳತ್ತ ಸೆಳೆಯುವುದು ಇದರ ಉದ್ದೇಶ.

ಹಿನ್ನೆಲೆ

ಕ್ಯಾಲಿಫೋರ್ನಿಯದ ಕಾಂಕರ್ಡ್ ನಗರದಲ್ಲಿ ಕಾಮಿಕ್ ಅಂಗಡಿ ನಡೆಸುತ್ತಿದ್ದ ಜೋ ಫೀಲ್ಡ್ ಅವರು 2001ರಲ್ಲಿ ವ್ಯಾಪಾರಿ ಪತ್ರಿಕೆಯೊಂದರ ತಮ್ಮ ಅಂಕಣದಲ್ಲಿ ಈ ಸಲಹೆಯನ್ನು ಮುಂದಿಟ್ಟರು. ಸಮೀಪದ ಐಸ್‌ಕ್ರೀಮ್ ಮಳಿಗೆಯು ಉಚಿತವಾಗಿ ಐಸ್‌ಕ್ರೀಮ್ ಹಂಚಿದ ದಿನ ಅಲ್ಲಿ ನೆರೆದಿದ್ದ ಜನರ ಸಾಲು ಅವರಿಗೆ ಪ್ರೇರಣೆಯಾಯಿತು. ಮೊದಲ ಆಚರಣೆಯು 2002ರ ಮೇ 4ರಂದು ನಡೆಯಿತು. ‘ಸ್ಪೈಡರ್-ಮ್ಯಾನ್’ ಚಲನಚಿತ್ರವು ಅದರ ಹಿಂದಿನ ದಿನವಷ್ಟೇ ಬಿಡುಗಡೆಯಾಗಿತ್ತು. ಕೊರೋನಾ ಸಾಂಕ್ರಾಮಿಕದ ಕಾರಣ 2020ರಲ್ಲಿ ವಿತರಣೆಯನ್ನು ಒಂದೇ ದಿನಕ್ಕೆ ಸೀಮಿತಗೊಳಿಸದೆ ಹಲವು ವಾರಗಳಿಗೆ ಹಂಚಲಾಯಿತು. 2021ರಲ್ಲಿ ಆಚರಣೆಯನ್ನು ಆಗಸ್ಟ್ 14ಕ್ಕೆ ಮುಂದೂಡಲಾಯಿತು.

ವಿತರಣೆ ಮತ್ತು ವೆಚ್ಚ

ಅಂಗಡಿಯ ಎಲ್ಲ ಪುಸ್ತಕಗಳೂ ಅಂದು ಉಚಿತವಲ್ಲ. ಪ್ರಕಾಶಕರು ಈ ದಿನಕ್ಕೆಂದೇ ಮುದ್ರಿಸುವ ವಿಶೇಷ ಸಂಚಿಕೆಗಳನ್ನು ಮಾತ್ರ ಹಂಚಲಾಗುತ್ತದೆ. ಇವು ಓದುಗರಿಗೆ ಉಚಿತವಾದರೂ ಅಂಗಡಿಯವರಿಗೆ ಉಚಿತವಲ್ಲ. ಅವರು ಕಡಿಮೆ ದರದಲ್ಲಿ ಮುಂಗಡವಾಗಿ ತರಿಸಿ, ಸಾಗಣೆ ವೆಚ್ಚವನ್ನೂ ಭರಿಸುತ್ತಾರೆ. ಆದುದರಿಂದ ಒಬ್ಬರಿಗೆ ಎಷ್ಟು ಪ್ರತಿ ಕೊಡಬೇಕೆಂಬುದನ್ನು ಆಯಾ ಅಂಗಡಿಯೇ ನಿರ್ಧರಿಸುತ್ತದೆ. ಎಲ್ಲ ಅಂಗಡಿಗಳಲ್ಲಿಯೂ ಎಲ್ಲ ಸಂಚಿಕೆಗಳು ದೊರೆಯದ ಕಾರಣ, ಆಸಕ್ತರು ಒಂದೇ ದಿನದಲ್ಲಿ ಊರಿನ ಹಲವು ಅಂಗಡಿಗಳನ್ನು ಸುತ್ತುವುದುಂಟು. ಹಾಗೆ ಬಂದವರು ಬೇರೊಂದು ಪುಸ್ತಕವನ್ನು ಕೊಂಡರೆ ಅಥವಾ ಮುಂದೆಯೂ ಬರುತ್ತಿದ್ದರೆ ಮಾತ್ರ ಸಣ್ಣ ವ್ಯಾಪಾರಿಯು ಮಾಡಿದ ವೆಚ್ಚ ಸಾರ್ಥಕವಾಗುತ್ತದೆ.